ಚೀಲ ನೋಡ್ತೀವಿ, ಬಾಯಿ ನೋಡ್ತೀವಾ?



ಗುಬ್ಬಿ ಕಡೆಯ ಒಂದು ಮನೆ. ಅಲ್ಲಿಯ ಅಜ್ಜಿಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಹೊಟ್ಟೆಯ ಮೇಲೆ ಚೀಲ ಇತ್ತು. ಸೊಸೆ ಚೀಲವನ್ನು ಚೊಕ್ಕಟವಾಗಿ ನೋಡಿಕೊಳ್ಳುತ್ತಿದ್ದಳು. ಆದರೂ ಅಜ್ಜಿ ಸೊರಗುತ್ತಿದ್ದರು. "ಊಟ ಯಾಕೆ ಬಿಟ್ರಿ ಅಜ್ಜಿ?" ಅಂದೆ. "ಬಾಯೆಲ್ಲಾ ಉರಿ ಸಿಸ್ಟರಮ್ಮ, ಹಲ್ಲು ಅಲ್ಲಾಡ್ತವೆ" ಅಂದರು. ಟಾರ್ಚ್ ಹಾಕಿ ನೋಡಿದರೆ ಒಸಡು ಊದಿತ್ತು, ನಾಲಿಗೆ ಒಣಗಿತ್ತು. ಅದಕ್ಕೆ ಮೊದಲು ಎರಡು ಸಲ ಹೋಗಿದ್ದೆ. ನಾನೂ ಬಾಯಿ ನೋಡಿರಲಿಲ್ಲ.

ಕೊಲೊಸ್ಟಮಿ ಎಂದರೇನು?

ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ಮಾಡಿದ ದ್ವಾರಕ್ಕೆ ತಂದು, ಮಲ ಚೀಲಕ್ಕೆ ಬೀಳುವಂತೆ ಮಾಡುವ ಆಪರೇಷನ್. ಇದು ಅಂಟುರೋಗವಲ್ಲ.

ಬಾಯಿ ಯಾಕೆ ಕೆಡುತ್ತದೆ?

1. ಚೀಲ ಬೇಗ ತುಂಬುತ್ತದೆ ಎಂಬ ಭಯಕ್ಕೆ ನೀರು ಕಮ್ಮಿ ಕುಡಿಯುತ್ತಾರೆ. ಕೆಲವು ಬಿ.ಪಿ., ನೋವು, ನಿದ್ದೆ ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಜೊಲ್ಲು ಹಲ್ಲಿಗೆ ಕಾವಲು. ಅದು ಕಮ್ಮಿಯಾದರೆ ಹಲ್ಲು ಹುಳುಕಾಗುತ್ತದೆ.
2. ಊಟ ಬಿಟ್ಟು ಟೀ, ಬಿಸ್ಕತ್ತು, ಸಕ್ಕರೆ ಗಂಜಿಯಲ್ಲೇ ದಿನ ಕಳೆಯುತ್ತಾರೆ.
3. ವಾಸನೆ ಬಂದೀತೆಂಬ ನಾಚಿಕೆಗೆ ಬಸ್ಸು ಹತ್ತುವುದಿಲ್ಲ, ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿಲ್ಲ.
4. ಎಲೆಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ಬಿಡುವುದಿಲ್ಲ.

ಮುದ್ದೆಯನ್ನೇನೋ ನುಂಗಬಹುದು. ಕಾಳು, ಸೊಪ್ಪಿನ ನಾರು, ಕೊಬ್ಬರಿ ಚೂರು, ಮಾಂಸ ಅಗಿಯದೆ ನುಂಗಿದರೆ ಗ್ಯಾಸ್, ಹೊಟ್ಟೆನೋವು ಬರಬಹುದು. ನೀರೂ ಕಮ್ಮಿಯಾದರೆ ಮಲ ಗಟ್ಟಿಯಾಗುತ್ತದೆ. ಆಗ ಇನ್ನಷ್ಟು ಊಟ ಬಿಡುತ್ತಾರೆ. ಹೀಗೆ ಬಾಯಿಯ ತೊಂದರೆ ಹೊಟ್ಟೆಗೂ ಇಳಿಯುತ್ತದೆ.

ನಾವು ಏನು ಮಾಡಬಹುದು?

* ದಿನಕ್ಕೆ ಎರಡು ಸಲ ಮೆತ್ತನೆ ಬ್ರಷ್, ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿಸಿ. ಕೈ ನಡುಗುವವರಿಗೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿಕೊಡಿ.
* ಗುಟುಕು ಗುಟುಕಾಗಿ ನೀರು ಕೊಡುತ್ತಿರಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ಕೊಡಬೇಕೆಂದು ಡಾಕ್ಟರನ್ನು ಕೇಳಿ.
* ಹಲ್ಲಿನ ಸೆಟ್ ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಿ.
* ವಾರಕ್ಕೊಮ್ಮೆ ಬೆಳಕಿನಲ್ಲಿ ಬಾಯಿ ನೋಡಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತಡಮಾಡದೆ ತೋರಿಸಿ.
* ಹಲ್ಲಿನ ಡಾಕ್ಟರಿಗೆ ಚೀಲದ ವಿಷಯ ಮತ್ತು ತೆಗೆದುಕೊಳ್ಳುವ ಎಲ್ಲಾ ಮಾತ್ರೆ ತಿಳಿಸಿ. ಕೆಲವು ಆ್ಯಂಟಿಬಯಾಟಿಕ್‌ಗಳಿಂದ ಭೇದಿ ಆಗಬಹುದು.
* ಹೊರಡುವ ಮುಂಚೆ ಚೀಲ ಖಾಲಿ ಮಾಡಿ, ಇನ್ನೊಂದು ಜೊತೆಗಿಡಿ.

ಎಲ್ಲಿ ತೋರಿಸುವುದು?

ಮೊದಲು ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು ಇದೆ. ಬಿ.ಪಿ.ಎಲ್. ಕಾರ್ಡಿನ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡಲು ಸರ್ಕಾರ 'ದಂತ ಭಾಗ್ಯ' ಯೋಜನೆ ತಂದಿತ್ತು. ಸಂಘದಲ್ಲಿ ಸಾಲ ತೆಗೆಯುವ ಮುಂಚೆ ಆ ಸೌಲಭ್ಯ ಸಿಗುತ್ತದೆಯೇ ಎಂದು ಕೇಳಿ.

ನಮ್ಮ ಅಜ್ಜಿಗೆ ಎರಡು ಹಲ್ಲು ಕೀಳಿಸಿ, ಒಸಡು ಶುಚಿ ಮಾಡಿಸಿದೆವು. ಕೆಲವು ವಾರದ ಮೇಲೆ "ಸಾರು ರುಚಿ ಹತ್ತುತ್ತೆ ಕಣಮ್ಮ" ಅಂದರು. ಸೊಸೆ ಕಣ್ಣೊರೆಸಿಕೊಂಡಳು.

ಸಭೆಯಲ್ಲಿ ಚರ್ಚಿಸಿ:

1. ನಮ್ಮ ಬೀದಿಯಲ್ಲಿ ಹೀಗೆ ಚೀಲದೊಂದಿಗೆ ಬದುಕುವ ಹಿರಿಯರು ಇದ್ದಾರೆಯೇ? ಅವರ ಗುಟ್ಟು ಕಾಪಾಡಿ ಹೇಗೆ ನೆರವಾಗೋಣ?
2. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಮ್ಮಲ್ಲಿ ಯಾರು ಜೊತೆಯಾಗುತ್ತಾರೆ?