ಬೀಗ ಗಟ್ಟಿ, ಕೀಲಿ ಎಲ್ಲಿ?

ಕಳೆದ ವಾರ ಎಮರಿವಿಲ್‌ನ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಆನ್ ಮಾಡಿದೆ. ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳಿತು. ಡ್ರೈವ್‌ನಲ್ಲಿ ತೆರಿಗೆ ರಿಟರ್ನ್‌ಗಳು, ಊರಿನ ಎಫ್‌ಡಿ ವಿವರಗಳು. ಕೀ ಬರೆದಿಟ್ಟಿರಲಿಲ್ಲ, ತಪ್ಪು ನನ್ನದೇ. ಪುಣ್ಯಕ್ಕೆ, ಅದರ ಪ್ರತಿ ನನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿತ್ತು.

ಕೊಲ್ಲಿಯಾಚೆ ಸ್ಯಾನ್ ಫ್ರಾನ್ಸಿಸ್ಕೋದ ಸ್ಟೆಫಾನ್ ಥಾಮಸ್‌ಗೆ ಆ ಅದೃಷ್ಟವಿರಲಿಲ್ಲ. ಅವರ 7,002 ಬಿಟ್‌ಕಾಯಿನ್‌ಗಳ ಕೀಲಿ ಐರನ್‌ಕೀ ಡ್ರೈವ್‌ನಲ್ಲಿತ್ತು, ಪಾಸ್‌ವರ್ಡ್ ಬರೆದ ಚೀಟಿ ಕಳೆದುಹೋಗಿತ್ತು. ಒಟ್ಟು 10 ಪ್ರಯತ್ನಗಳಲ್ಲಿ 8 ಮುಗಿದಿವೆ ಎಂಬುದು 2021ರ ಜನವರಿಯಲ್ಲಿ ಸುದ್ದಿಯಾಯಿತು.

ಪಾಸ್‌ವರ್ಡ್ ಇಲ್ಲದ ಮಾಲೀಕನೂ ಡ್ರೈವ್‌ಗೆ ಕಳ್ಳನೇ. ಹಾಗಾಗಿ ರಿಕವರಿ ಕೀಯನ್ನು ಕಾಗದದಲ್ಲಿ ಎರಡು ಪ್ರತಿ ಬರೆದಿಡಿ: ಒಂದು ಬ್ಯಾಂಕ್ ಲಾಕರ್‌ನಲ್ಲಿ, ಇನ್ನೊಂದು ಉಯಿಲಿನ ಜೊತೆ. ಎಲ್ಲಿದೆ ಎಂದು ಮನೆಯವರಿಗೆ ಹೇಳಿ. ನಾಳೆ ಅದನ್ನು ತೆರೆಯಬೇಕಾದವರು ಅವರೇ ಇರಬಹುದು.