ಗಡುವು ಮುಂದೆ ಹೋದರೆ ಯಾರಿಗೆ ಏನು? ತೆರಿಗೆ ವಿನಾಯಿತಿ ಕುರಿತ ಅಭ್ಯಾಸ ಪಾಠ

ತರಗತಿ: 10. ಘಟಕ: ಸಾರ್ವಜನಿಕ ಹಣಕಾಸು. ಅವಧಿ: 40 ನಿಮಿಷ.

ಕಲಿಕಾ ಫಲ: ತೆರಿಗೆ ವಿನಾಯಿತಿಯನ್ನು ಮುಂದುವರಿಸಬೇಕೆಂಬ ಬೇಡಿಕೆಯನ್ನು ವಿದ್ಯಾರ್ಥಿಗಳು ಎರಡೂ ಕಡೆಯಿಂದ ಪರಿಶೀಲಿಸುವರು.

ಪೀಠಿಕೆ: ಹೆಬ್ಬಾಳ, ಯಲಹಂಕದ ಮಕ್ಕಳಿಗೆ ಮಾನ್ಯತಾ ಟೆಕ್ ಪಾರ್ಕ್ ಗೊತ್ತು. "ಸಾಫ್ಟ್‌ವೇರ್ ಕಂಪನಿಗಳು ಲಾಭದ ಮೇಲೆ ತೆರಿಗೆ ಕಟ್ಟುತ್ತವೆಯೇ?" ಎಂದು ಕೇಳಿ. ಉತ್ತರಗಳನ್ನು ತಿದ್ದದೆ ಕಪ್ಪುಹಲಗೆಯಲ್ಲಿ ಬರೆಯಿರಿ.

ವಿಷಯ ಮಂಡನೆ: ಆದಾಯ ತೆರಿಗೆ ಕಾಯ್ದೆಯ ಕಲಂ 10ಎ ಪ್ರಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಘಟಕಗಳ ರಫ್ತು ಲಾಭಕ್ಕೆ ತೆರಿಗೆ ವಿನಾಯಿತಿ ಇತ್ತು. ಅದು 2009ರ ಮಾರ್ಚ್ 31ಕ್ಕೆ ಮುಗಿಯಬೇಕಿತ್ತು. ಉದ್ಯಮದ ಸಂಘಟನೆ ನಾಸ್ಕಾಂ ವಿಸ್ತರಣೆ ಕೇಳಿತು. ದೊಡ್ಡ ಕಂಪನಿಗಳು 2005ರ ಕಾಯ್ದೆಯಡಿ ವಿಶೇಷ ಆರ್ಥಿಕ ವಲಯಗಳಲ್ಲಿ ಹೊಸ ಘಟಕ ತೆರೆದು ವಿನಾಯಿತಿ ಪಡೆಯಬಲ್ಲವು, ಸಣ್ಣವಕ್ಕೆ ಅದು ಕಷ್ಟ ಎಂಬುದು ಒಂದು ವಾದ. 2008ರಲ್ಲಿ ಚಿದಂಬರಂ ಒಂದು ವರ್ಷ, 2009ರಲ್ಲಿ ಪ್ರಣಬ್ ಮುಖರ್ಜಿ ಇನ್ನೊಂದು ವರ್ಷ ಕೊಟ್ಟರು. 2011ರ ಮಾರ್ಚ್ 31ಕ್ಕೆ ವಿನಾಯಿತಿ ನಿಂತಿತು.

ಕಪ್ಪುಹಲಗೆ ಲೆಕ್ಕ: ರಫ್ತಿನಿಂದಲೇ ₹1 ಕೋಟಿ ಲಾಭ ಎಂದುಕೊಳ್ಳಿ. 30% ದರದಲ್ಲಿ ತೆರಿಗೆ ₹30 ಲಕ್ಷ. ಆದರೆ 2007ರ ಬಜೆಟ್ ಈ ಘಟಕಗಳನ್ನೂ ಕನಿಷ್ಠ ಪರ್ಯಾಯ ತೆರಿಗೆಗೆ (ಮ್ಯಾಟ್) ಒಳಪಡಿಸಿತು. ಅದರ ದರ 2007–08ರಲ್ಲಿ 10%, 2009–10ರಲ್ಲಿ 15%, 2010–11ರಲ್ಲಿ 18%. ಸರ್ಚಾರ್ಜ್, ಸೆಸ್ ಬಿಟ್ಟರೆ ಆಯಾ ವರ್ಷ ಉಳಿದದ್ದು ₹20 ಲಕ್ಷ, ₹15 ಲಕ್ಷ, ₹12 ಲಕ್ಷ. ಗಡುವು ಮುಂದೆ ಹೋಯಿತು, ರಿಯಾಯಿತಿ ಕುಗ್ಗಿತು. ಇದನ್ನು ಮಕ್ಕಳೇ ಕಂಡುಹಿಡಿಯಲಿ.

ಚಟುವಟಿಕೆ: ನಾಲ್ಕು ಗುಂಪು ಮಾಡಿ: ಸಣ್ಣ ಕಂಪನಿ, ದೊಡ್ಡ ಕಂಪನಿ, ಹಣಕಾಸು ಸಚಿವಾಲಯ, ಸರ್ಕಾರಿ ಆಸ್ಪತ್ರೆಯನ್ನು ನಂಬಿದ ಕುಟುಂಬ. ಪ್ರತಿ ಗುಂಪಿಗೂ ಮೂರು ನಿಮಿಷ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ: ನಾಲ್ಕನೆಯ ಗುಂಪನ್ನು ಸಮಯವಿಲ್ಲವೆಂದು ಬಿಡಬೇಡಿ. ವಿನಾಯಿತಿ ಪಡೆಯುವವರಿಗೆ ತಮ್ಮ ಲಾಭ ರೂಪಾಯಿ ಲೆಕ್ಕದಲ್ಲಿ ಗೊತ್ತಿರುತ್ತದೆ, ಕೇಳಲು ಸಂಘವೂ ಇರುತ್ತದೆ. ಖಜಾನೆಗೆ ಬಾರದ ಹಣದ ನಷ್ಟ ಕೋಟ್ಯಂತರ ಜನರಿಗೆ ಹಂಚಿಹೋಗುವುದರಿಂದ ಯಾರೂ ದೂರುವುದಿಲ್ಲ. ವಿಸ್ತರಣೆಯ ಜಗಳದಲ್ಲಿ ಒಂದೇ ದನಿ ಜೋರಾಗಿ ಕೇಳಿಸಲು ಇದೊಂದು ಕಾರಣ. 2006–07ರಿಂದ ಕೇಂದ್ರ ಬಜೆಟ್ ಜೊತೆಗೆ ಹೀಗೆ ಬಿಟ್ಟುಕೊಟ್ಟ ವರಮಾನದ ಲೆಕ್ಕವನ್ನೂ ಮಂಡಿಸಲಾಗುತ್ತಿದೆ. ಅದನ್ನು ತರಗತಿಗೆ ಒಯ್ಯಿರಿ. ಹಾಗೆಂದು ಕಂಪನಿಗಳನ್ನು ಖಳರನ್ನಾಗಿ ತೋರಿಸಬೇಡಿ. ಅಲ್ಲಿನ ಸಂಬಳದಿಂದ ನಡೆಯುವ ಮನೆಗಳ ಮಕ್ಕಳೂ ನಿಮ್ಮೆದುರು ಕುಳಿತಿರುತ್ತಾರೆ.

ಮೌಲ್ಯಮಾಪನ: "ಇನ್ನೊಂದು ವರ್ಷ ಕೊಟ್ಟರೆ, ಆ ವರ್ಷದ ಕೊನೆಗೆ ಏನು ಬದಲಾಗಿರಬೇಕು?" ಐದು ವಾಕ್ಯಗಳಲ್ಲಿ ಬರೆಯಲಿ. ಯಾವ ಪಕ್ಷ ಹಿಡಿದರು ಎಂಬುದಕ್ಕಲ್ಲ, ಕೊಟ್ಟ ಕಾರಣಕ್ಕೆ ಅಂಕ ಕೊಡಿ.