ಬದನೆಕಾಯಿಯ ತಪ್ಪಲ್ಲ

ಪ್ರೀತಿಯ ಮಗಳೇ,

ಕೂಸಿನ ಕೆನ್ನೆ, ಮೊಣಕಾಲ ಸಂದಿಯಲ್ಲೆಲ್ಲ ಇಸುಬು ಎದ್ದಿದ್ದಕ್ಕೆ ಮನೆಯವರು ನಿನ್ನ ಬಾಣಂತನದ ಪಥ್ಯವನ್ನು ದೂರುತ್ತಿದ್ದಾರಂತೆ. ಬದನೆಕಾಯಿ ತಿಂದೆ, ಹಾಲು ನಂಜಾಯಿತು ಅನ್ನುವ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ.

ಚರ್ಮದ ಹೊರಪದರದಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನು ಇದೆ. ಕೆರಾಟಿನ್ ಎಳೆಗಳನ್ನು ಒತ್ತಾಗಿ ಕಟ್ಟಿ ಕೋಶಗಳನ್ನು ಚಪ್ಪಟೆ ಮಾಡುತ್ತದೆ. ಆಮೇಲೆ ತಾನೇ ಒಡೆದು ಅಮೈನೋ ಆಮ್ಲಗಳಾಗಿ ಚರ್ಮದ ಪಸೆ ಕಾಯುತ್ತದೆ. ಅದರ ಜೀನು ಕೆಟ್ಟರೆ ಪಸೆ ಆರುತ್ತದೆ, ಹೊರಗಿನದು ಒಳನುಗ್ಗುತ್ತದೆ. ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು 2006ರಲ್ಲಿ ಈ ಜೀನಿನ ದೋಷಕ್ಕೂ ಚರ್ಮದ ಕಾಯಿಲೆಗಳಿಗೂ ಇರುವ ನಂಟನ್ನು ತೋರಿಸಿಕೊಟ್ಟರು: ಮೊದಲು ಚರ್ಮ ಮೀನಿನ ಹುರುಪೆಯಂತಾಗುವ ಇಕ್ತಿಯೋಸಿಸ್ ವಲ್ಗ್ಯಾರಿಸ್‌ಗೆ, ಅದರ ಬೆನ್ನಿಗೇ ಇಸುಬಿಗೆ. ಈ ದೋಷ ಇರುವವರ ಅಂಗೈ ಗೆರೆಗಳು ಎದ್ದು ಕಾಣುತ್ತವೆ. ಜ್ಯೋತಿಷಿಗಿಂತ ಚರ್ಮವೈದ್ಯರಿಗೇ ಅಂಗೈ ಹೆಚ್ಚು ಹೇಳುತ್ತದೆ ಅನ್ನು!

ಹಾಗಂತ ತವರಿನಿಂದ ಬಂತೋ ಗಂಡನ ಕಡೆಯಿಂದ ಬಂತೋ ಎಂಬ ಹೊಸ ಜಗಳ ಶುರುವಾಗದಿರಲಿ. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 10 ಜನರಲ್ಲಿ ಈ ದೋಷವಿದೆ. ಬಹುಪಾಲು ಜನಕ್ಕೆ ಇಸುಬು ಬರುವುದೇ ಇಲ್ಲ. ಜೀನು ನೆಟ್ಟಗಿರುವ ಎಷ್ಟೋ ಮಕ್ಕಳಿಗೆ ಬರುತ್ತದೆ. ಆದ್ದರಿಂದ ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಡ. ವರದಿ ಏನೇ ಬರಲಿ, ಆರೈಕೆ ಅದೇ.

ಕಡಲೆಹಿಟ್ಟು ಹಾಕಿ ಉಜ್ಜುವುದನ್ನು ಮಾತ್ರ ಇವತ್ತೇ ನಿಲ್ಲಿಸು. ಉಜ್ಜಿದಷ್ಟೂ ಚರ್ಮ ಬಿರಿಯುತ್ತದೆ. ಬಿರುಕಿನಿಂದ ಒಳಹೋದ ಆಹಾರದ ಕಣ ಅಲರ್ಜಿಗೆ ದಾರಿ ಮಾಡೀತು. ಅದೇ ಬಾಯಿಂದ ಹೋದರೆ ದೇಹ ಒಗ್ಗಿಕೊಳ್ಳುತ್ತದೆ. ಇಸುಬಿದ್ದ ಕೂಸುಗಳಿಗೆ ಎಳವೆಯಲ್ಲೇ ಕಡಲೆಕಾಯಿಯ ತಿನಿಸು ಕೊಟ್ಟರೆ ಅದರ ಅಲರ್ಜಿ ಬಹಳ ಕಡಿಮೆಯಾಗುತ್ತದೆಂದು 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನ ಹೇಳಿತು. ನೀನು ಮಾತ್ರ ವೈದ್ಯರನ್ನು ಕೇಳದೆ ಕೊಡಬೇಡ. ಇಡೀ ಬೀಜವಂತೂ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಂಡೀತು.

ಉಗುರುಬೆಚ್ಚಗಿನ ನೀರಲ್ಲಿ ಚುಟುಕು ಸ್ನಾನ ಮಾಡಿಸಿ, ಮೆತ್ತಗೆ ಒತ್ತಿ ಒರೆಸಿ, ಮೈ ಹಸಿಯಿರುವಾಗಲೇ ವಾಸನೆಯಿಲ್ಲದ ಮುಲಾಮನ್ನು ಧಾರಾಳವಾಗಿ ಹಚ್ಚು. ಹುಟ್ಟಿದಾಗಿನಿಂದ ಹಚ್ಚಿದ್ದರೆ ಇಸುಬು ಬರುತ್ತಲೇ ಇರಲಿಲ್ಲ ಎಂದು ಯಾರಾದರೂ ಅಂದರೆ ನಂಬಬೇಡ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ಹಾಗೆ ತಡೆಯಲಾಗಲಿಲ್ಲ. ಇಸುಬು ಬಂದ ಮೇಲೆ ಮಾತ್ರ ಮುಲಾಮು ಬೇಕೇ ಬೇಕು. ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದರೆ, ಹೇಳಿದಷ್ಟು ದಿನ ಹೆದರದೆ ಹಚ್ಚು.

ಬಹಳಷ್ಟು ಮಕ್ಕಳಿಗೆ ಬೆಳೆಯುತ್ತ ಇದು ತಗ್ಗುತ್ತದೆ. ಅಲ್ಲಿಯವರೆಗೆ ಹಚ್ಚುವ ಕೆಲಸ ನಿನ್ನೊಬ್ಬಳದೇ ಆಗದಿರಲಿ, ಕೂಸಿನ ಅಪ್ಪನಿಗೂ ಕಲಿಸು.

ನಿನ್ನ ದೊಡ್ಡಮ್ಮ